ಬಾಯಿ ಕಟ್ಟಿಸಿಕೊಂಡ ಕಾರುಗಳು

ಕೈಗೆ ಪ್ಲಾಸ್ಟರ್ ಹಾಕುತ್ತಿದ್ದವನು ಕೇಳಿದ, "ನೋಡ್ಕೊಂಡು ಹೋಗಬಾರದಿತ್ತಾ ಅಮ್ಮ?" ಪಕ್ಕದ ಬೆಂಚಿನಲ್ಲಿ ಕಾಲು ಉಳುಕಿಸಿಕೊಂಡು ಕೂತಿದ್ದ ಹೆಂಗಸೂ ಅದನ್ನೇ ಕೇಳಿದಳು. ಆಸ್ಪತ್ರೆಯಿಂದ ಮನೆಗೆ ಬಂದು ಮೆಟ್ಟಿಲು ಹತ್ತುವಾಗ ಪಕ್ಕದಂಗಡಿಯ ಟೈಲರ್ ಹೊಲಿಗೆ ನಿಲ್ಲಿಸಿ ಕೇಳಿದ. ಒಳಗೆ ಹೋಗಿ ಕೂತರೆ ತಮ್ಮನ ಹೆಂಡತಿ ನೀರಿನ ಲೋಟ ಮುಂದೆ ಹಿಡಿದು, ಪಾಪ, ಅಕ್ಕರೆಯಿಂದಲೇ ಕೇಳಿದಳು. "ಸ್ವಲ್ಪ ನೋಡ್ಕೊಂಡು ಹೋಗಬಾರದಾ ಅಕ್ಕಾ?"

ಮೊಟ್ಟೆಯಕ್ಕ ಲೋಟವನ್ನು ಮುಟ್ಟಲಿಲ್ಲ.

"ಹಿಂದೆ ಬರೋನನ್ನ ನಾನು ನೋಡ್ಬೇಕಾ, ಮುಂದೆ ಹೋಗ್ತಿರೋಳನ್ನ ಅವನು ನೋಡ್ಬೇಕಾ? ಬೆಳಿಗ್ಗೆಯಿಂದ ಎಲ್ರೂ ನನ್ನನ್ನೇ ಕೇಳ್ತಿದೀರಿ. ಅವನನ್ನ ಒಬ್ಬರಾದ್ರೂ ಕೇಳಿದ್ರಾ?"

ತಮ್ಮನ ಹೆಂಡತಿ ಲೋಟ ಕೆಳಗಿಟ್ಟು ಅಡುಗೆಮನೆಗೆ ಹೋದಳು. ಬಾಗಿಲಲ್ಲಿ ತಮ್ಮ ನಿಂತಿದ್ದ. ಅವನು ಮಾತುಗಾರ. ರಸ್ತೆಯಲ್ಲಿ ನಾಯಿ ಅಡ್ಡ ಬಂದರೂ ಅದಕ್ಕೆ ನಾಲ್ಕು ಮಾತು ಹೇಳಿ ಕಳಿಸುವವನು. ಅವತ್ತು ಮಾತ್ರ ಚಪ್ಪಲಿಯ ಬಾರನ್ನು ಬಿಚ್ಚುತ್ತ, ಹಾಕುತ್ತ ನಿಂತಿದ್ದ.

ಹಳೇ ಬೀದಿಗಳಲ್ಲೂ ಹೊಸ ಬಡಾವಣೆಯಲ್ಲೂ ಅವಳಿಗೆ ಮೊಟ್ಟೆಯಕ್ಕ ಎಂದೇ ಹೆಸರು. ತಾಯಿ ತೀರಿಕೊಂಡಾಗ ತಮ್ಮ ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ಮಗು. ತಾಯಿಯ ಸೈಕಲ್ಲು, ತಾಯಿ ತಪ್ಪದೆ ಮೊಟ್ಟೆ ಕೊಡುತ್ತಿದ್ದ ವರ್ತನೆ ಮನೆಗಳು ಮತ್ತು ಆ ಮಗು, ಮೂರೂ ಒಟ್ಟಿಗೆ ಅವಳ ಪಾಲಿಗೆ ಬಂದವು. ಮುಂದಿನ ಬಾರಿನ ಮೇಲೆ ತಮ್ಮನನ್ನು ಕೂರಿಸಿಕೊಂಡು, ಹಿಂದೆ ಮೊಟ್ಟೆ ಹೇರಿಕೊಂಡು ಮನೆಮನೆಗೆ ಹೋದಳು. ಮದುವೆಯ ಮಾತು ಬಂದಾಗ "ಇವನದೊಂದು ದಡ ಸೇರಲಿ" ಎಂದು ಮುಂದೂಡಿದಳು. ಅವನು ದಡ ಸೇರುವಷ್ಟರಲ್ಲಿ ಕೇಳುವವರು ಬರುವುದನ್ನು ನಿಲ್ಲಿಸಿದ್ದರು. ಅವನನ್ನು ಕಾರಿನ ವೈರಿಂಗ್ ಕೆಲಸಕ್ಕೆ ಸೇರಿಸಿದವಳು ಅವಳೇ. ಈಗ ಅವನದೇ ಅಂಗಡಿ. ಮೇಲೆ ಮನೆ, ಕೆಳಗೆ ಅಂಗಡಿ. ಅಂಗಡಿಯ ಮೂಲೆಯಲ್ಲಿ ಅವಳ ಮೊಟ್ಟೆ ಟ್ರೇಗಳು.

ಮೊಟ್ಟೆ ಹೇರುವುದೆಂದರೆ ಸುಮ್ಮನೆ ಅಲ್ಲ. ಕ್ಯಾರಿಯರ್ ಮೇಲೆ ಹಲಗೆ, ಹಲಗೆಯ ಮೇಲೆ ಗೋಣಿ, ಗೋಣಿಯ ಮೇಲೆ ರಟ್ಟಿನ ಟ್ರೇಗಳು ಒಂದರ ಮೇಲೊಂದು. ಪೇರಿಸುತ್ತ ಹೋದರೆ ಅವಳ ತಲೆಯನ್ನೂ ಮೀರಿ ನಿಲ್ಲುತ್ತದೆ. ಹಳೆಯ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಅದನ್ನೆಲ್ಲ ಬಿಗಿಯುತ್ತಾಳೆ. ಬಿಗಿ ಹೆಚ್ಚಾದರೆ ಕೆಳಗಿನದು ಒಡೆಯುತ್ತದೆ, ಕಡಿಮೆಯಾದರೆ ಮೇಲಿನದು ಜಾರುತ್ತದೆ. ಒಮ್ಮೆ ಹೊರಟಳೆಂದರೆ ಅವಳು ತಲೆ ತಿರುಗಿಸುವ ಹಾಗಿಲ್ಲ. ತಲೆ ತಿರುಗಿದರೆ ಹೆಗಲು ತಿರುಗುತ್ತದೆ, ಹೆಗಲಿನ ಜೊತೆ ಹ್ಯಾಂಡಲ್ಲು, ಹ್ಯಾಂಡಲ್ಲಿನ ಜೊತೆ ಅಷ್ಟು ಎತ್ತರದ ಮೊಟ್ಟೆಯ ಗೋಪುರ. ತಮ್ಮ ಹಿಂದೊಮ್ಮೆ ಕನ್ನಡಿ ಹಾಕಿಕೊಟ್ಟಿದ್ದ. ಅದರಲ್ಲಿ ಟ್ರೇ ಬಿಟ್ಟರೆ ಇನ್ನೇನೂ ಕಾಣುತ್ತಿರಲಿಲ್ಲ. "ಹಿಂದೆ ಮೊಟ್ಟೆ ಬರ್ತಾ ಇದೆ ಅಂತ ಗೊತ್ತಾಯ್ತು ಬಿಡು" ಎಂದು ನಕ್ಕು, ಬಿಚ್ಚಿ ಕೊಟ್ಟಿದ್ದಳು.

ಹಾಗಾಗಿ ಕಣ್ಣು ಮುಂದಕ್ಕೆ, ಕಿವಿ ಹಿಂದಕ್ಕೆ. ದೇವರು ಕಣ್ಣಿಗೆ ರೆಪ್ಪೆ ಕೊಟ್ಟ, ಕಿವಿಗೆ ಕೊಡಲಿಲ್ಲ. ನಿದ್ದೆಯಲ್ಲೂ ತೆರೆದೇ ಇರಲಿ ಎಂದು. ಅವನು ಕೊಟ್ಟದ್ದನ್ನು ಅವಳು ಒಂದು ದಿನವೂ ಉದಾಸೀನ ಮಾಡಿದವಳಲ್ಲ. ಲಾರಿ ಯಾವುದು, ಸ್ಕೂಲ್ ಬಸ್ ಯಾವುದು, ತರಕಾರಿಯವನ ಗಾಡಿ ಇವತ್ತು ತುಂಬಿ ಬರುತ್ತಿದೆಯೋ ಖಾಲಿಯೋ, ಎಲ್ಲ ಬೆನ್ನಿಗೇ ಗೊತ್ತಾಗುತ್ತಿತ್ತು. ಇತ್ತೀಚೆಗೆ ಬಡಾವಣೆಗೆ ಕರೆಂಟಿನ ಕಾರುಗಳು ಬಂದಮೇಲೆ ಮೊದಮೊದಲು ಹೆದರಿದ್ದಳು. ಆದರೆ ಶಾಲೆಯ ಟೀಚರಮ್ಮನ ಕಾರು ನಿಧಾನಕ್ಕೆ ಹೋಗುವಾಗ ಗುಂಯ್ ಎಂದು ಮೂಗಿನಲ್ಲೇ ರಾಗ ಎಳೆಯುತ್ತಿತ್ತು. ನಡೆಯುವವರಿಗೆ, ಸೈಕಲ್ಲಿನವರಿಗೆ ಗೊತ್ತಾಗಲೆಂದೇ ಇಟ್ಟದ್ದಂತೆ ಅದು. ಅದನ್ನೂ ಕಿವಿಗೆ ಪರಿಚಯ ಮಾಡಿಸಿಕೊಂಡಿದ್ದಳು.

ಹಲ್ಲಿನ ಡಾಕ್ಟರ ಮನೆಯ ಹತ್ತಿರ ಚರಂಡಿಯ ಮುಚ್ಚಳ ಕುಸಿದ ಜಾಗವೊಂದಿದೆ. ಅಲ್ಲಿಗೆ ಬಂದಾಗಲೆಲ್ಲ ಅವಳು ಕಿವಿಗೊಟ್ಟು ಕೇಳಿ, ಆಮೇಲೆ ರಸ್ತೆಯ ನಡುವಿಗೆ ಸರಿದು ಬಳಸಿ ಹೋಗುತ್ತಾಳೆ. ಕೈ ಮುರಿದ ದಿನವೂ ಕೇಳಿದಳು. ಯಾರದೋ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು, ಒಂದು ಕಾಗೆ. ಬೇರೇನೂ ಇಲ್ಲ. ಸರಿದಳು. ಮೊಣಕೈಗೆ ಏನೋ ಬಡಿಯಿತು. ಮುಂದಿನ ಕ್ಷಣ ಅವಳು ತನ್ನದೇ ಮೊಟ್ಟೆಗಳ ಮೇಲೆ ಬಿದ್ದಿದ್ದಳು. ಹಳದಿ ಲೋಳೆ ಕೂದಲಿಗೆ, ಕಣ್ಣಿಗೆ. ಕಣ್ಣು ಒರೆಸಿಕೊಂಡು ನೋಡಿದರೆ ಹಲ್ಲಿನ ಡಾಕ್ಟರು ಕಾರಿನಿಂದ ಇಳಿದು, ಮೊದಲು ಕಾರಿನ ಬಾಗಿಲ ಮೇಲೆ ಬೆರಳಾಡಿಸಿ ನೋಡುತ್ತಿದ್ದರು. ಆಮೇಲೆ ಅವಳ ಕಡೆ ತಿರುಗಿದರು. "ಒಂದು ಸಲ ಹಿಂದೆ ನೋಡಬಾರದೇನಮ್ಮ?"

ಆಸ್ಪತ್ರೆಗೆ ಅವರೇ ಕರೆತಂದರು, ಅದು ನಿಜ. ಸೀಟಿನ ಮೇಲೆ ಹಳೇ ಪೇಪರ್ ಹಾಸಿ ಕೂರಿಸಿದ್ದರು, ಅದೂ ನಿಜ.

ಎರಡು ದಿನ ಕಳೆದಮೇಲೆ ತಮ್ಮ ಬಂದು ಹಾಸಿಗೆಯ ಅಂಚಿನಲ್ಲಿ ಕೂತ.

"ಅಕ್ಕಾ, ಬೇಜಾರು ಮಾಡ್ಕೋಬೇಡ. ಒಂದ್ಸಲ ಕಿವಿ ತೋರಿಸ್ಬಿಡೋಣ."

"ನನ್ನ ಕಿವಿಗೇನಾಗಿದೆ?"

"ಏನೂ ಆಗಿಲ್ಲ ಅಂತ್ಲೇ ಇಟ್ಕೋ. ಆದ್ರೂ ವಯಸ್ಸು ಅಂತ ಒಂದಿದೆ ಅಲ್ವಾ? ಕಾರು ಅಷ್ಟು ಹತ್ರ ಬಂದ್ರೂ ಕೇಳಿಸ್ಲಿಲ್ಲ ಅಂತ ನೀನೇ ಹೇಳ್ತೀಯ."

ಈ ಮಾತು ಅವಳ ಎದೆಗೇ ಬಿತ್ತು. ಅಲ್ಲಿಯವರೆಗೆ ಅವಳಿಗೆ ಬರೀ ಸಿಟ್ಟಿತ್ತು, ಈಗ ಭಯ ಹೊಕ್ಕಿತು. ಕಿವಿ ಹೋದರೆ ಸೈಕಲ್ಲು ಹೋಯಿತು. ಸೈಕಲ್ಲು ಹೋದರೆ ತಮ್ಮನ ಹೆಂಡತಿ ಬಡಿಸಿದ್ದನ್ನು ಉಂಡು ಗೋಡೆ ನೋಡುತ್ತ ಕೂರುವ ಬದುಕು. ಅಂದು ಸಂಜೆಯೆಲ್ಲ ಕಣ್ಣು ಮುಚ್ಚಿ ಕೂತು ತನ್ನ ಕಿವಿಯನ್ನು ತಾನೇ ಪರೀಕ್ಷಿಸಿದಳು. ಟೈಲರನ ಮಿಷನ್ನು ಕೇಳಿಸಿತು. ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಆದರೂ ನಂಬಿಕೆ ಬರಲಿಲ್ಲ. ಕೇಳಿಸದೆ ಹೋದದ್ದು ಯಾವುದೆಂದು ಯಾರಿಗಾದರೂ ಹೇಗೆ ಗೊತ್ತಾಗಬೇಕು?

ಕಿವಿ ಪರೀಕ್ಷೆಯವರು ಅವಳನ್ನು ಗಾಜಿನ ಕಿಟಕಿಯ ಪುಟ್ಟ ಡಬ್ಬದಂಥ ಕೋಣೆಯೊಳಗೆ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಸರಿಯಿದ್ದ ಕೈಗೆ ಒಂದು ಗುಂಡಿ ಕೊಟ್ಟರು. ಸದ್ದು ಕೇಳಿಸಿದಾಗೆಲ್ಲ ಒತ್ತಬೇಕು. ಬಾಗಿಲು ಮುಚ್ಚಿತು. ಅಷ್ಟು ನಿಶ್ಶಬ್ದವನ್ನು ಅವಳು ಹುಟ್ಟಿದ ಮೇಲೆ ಕಂಡವಳಲ್ಲ. 'ಸ್ವಾಮೀ, ಕೈ ಮುರಿದದ್ದು ಮುರೀಲಿ, ಕಿವಿ ಒಂದನ್ನ ಬಿಡಪ್ಪ' ಎಂದು ಒಳಗೊಳಗೇ ಬೇಡಿಕೊಂಡಳು. ಗಾಜಿನಾಚೆ ತಮ್ಮ ಕುರ್ಚಿಯ ತುದಿಯಲ್ಲಿ ಕೂತು, ಕೈ ಜೋಡಿಸಿ, ತುಟಿಯಾಡಿಸುತ್ತಿದ್ದ. ಅದನ್ನು ಕಂಡು ಅವಳ ಕಣ್ಣು ತುಂಬಿತು. ಪರವಾಗಿಲ್ಲ, ಸಾಕಿದ್ದಕ್ಕೆ ನನ್ನ ಮೇಲೆ ಇಷ್ಟಾದರೂ ಪ್ರೀತಿ ಇದೆ ಎಂದುಕೊಂಡಳು.

ಪರೀಕ್ಷೆ ಮಾಡಿದ ಹುಡುಗಿ ಬಾಗಿಲು ತೆರೆದು ನಕ್ಕಳು. "ಏನಮ್ಮ, ನನಗೇ ಕೇಳಿಸದ್ದೆಲ್ಲ ನಿಮಗೆ ಕೇಳಿಸ್ತಿದೆ! ನಿಮ್ಮ ಕಿವಿಗೆ ಏನೂ ಆಗಿಲ್ಲ."

ಮೊಟ್ಟೆಯಕ್ಕ ದೇವರಿಗೆ ಮನಸ್ಸಿನಲ್ಲೇ ಕೈ ಮುಗಿದಳು. ತಿರುಗಿ ನೋಡಿದರೆ ತಮ್ಮನ ಮುಖ ಬಿಳಿಚಿಕೊಂಡಿತ್ತು. "ಒಳ್ಳೇದಾಯ್ತು" ಎಂದ. ಸಾವಿನ ಮನೆಯಲ್ಲಿ ಹೇಳುವ ದನಿಯಲ್ಲಿ ಹೇಳಿದ.

ದಾರಿಯಲ್ಲಿ ಭಯ ಇಳಿಯಿತು, ಅದು ಖಾಲಿ ಮಾಡಿದ ಜಾಗಕ್ಕೆ ಸಿಟ್ಟು ಮತ್ತೆ ಬಂದು ಕೂತಿತು. "ಹಾಗಾದ್ರೆ ಆ ಕಾರು ಯಾಕೆ ಕೇಳಿಸ್ಲಿಲ್ಲ? ಟೀಚರಮ್ಮನ ಕಾರು ಗುಂಯ್ ಅನ್ನುತ್ತಲ್ಲ, ಇದಕ್ಕೇನು ಬಂತು ದಾಡಿ? ನಡಿ, ಡಾಕ್ಟರ ಮನೆಗೇ ಹೋಗಿ ಕೇಳೋಣ."

"ಬೇಡಕ್ಕಾ, ದೊಡ್ಡವರ ಸಹವಾಸ."

"ಬಾಯಿಗೆ ಬಂದದ್ದು ಬಯ್ಯೋಕೆ ಹೋಗ್ತಿಲ್ಲ. ಕೇಳೋಕೆ ಹೋಗ್ತಿದೀನಿ."

"ಇನ್ನೊಂದಿನ ಹೋದ್ರಾಯ್ತು, ಈಗ ಊಟದ ಹೊತ್ತು—"

"ನಿನಗೆ ಹಸಿವಾಗಿದ್ರೆ ಮನೆಗೆ ಹೋಗು."

ಅವನು ಹೋಗಲಿಲ್ಲ. ಹಿಂದೆ ಹಿಂದೆಯೇ ಬಂದ.

ಡಾಕ್ಟರ ಮನೆಯ ಮುಂಭಾಗವೇ ಅವರ ದವಾಖಾನೆ. ಕಾರು ಚಾರ್ಜಿಗೆಂದು ಗೋಡೆಯ ವೈರಿಗೆ ಕಟ್ಟಿಸಿಕೊಂಡು ನಿಂತಿತ್ತು. ಡಾಕ್ಟರು ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಹೊರಗೆ ಬಂದರು.

"ಬನ್ನಿ ಬನ್ನಿ. ಕೈ ಹೇಗಿದೆ? ಒಡೆದ ಮೊಟ್ಟೆಗೆ ಎಷ್ಟಾಯ್ತು ಹೇಳಿ ಅಂದೆ, ನೀವು ಹೇಳ್ಲೇ ಇಲ್ಲ."

"ಮೊಟ್ಟೆ ವಿಷಯಕ್ಕೆ ಬಂದಿಲ್ಲ ಡಾಕ್ಟ್ರೇ. ನಿಮ್ಮ ಕಾರು ಯಾಕೆ ಸದ್ದು ಮಾಡ್ಲಿಲ್ಲ? ಬೇರೆಯವರದ್ದು ಮಾಡುತ್ತೆ."

"ಓ, ಆ ಗುಂಯ್‌ಗುಂಯ್ ಅನ್ನೋದಾ! ಅದನ್ನ ತೆಗೆಸ್ಬಿಟ್ಟೆ. ಬೆಳಿಗ್ಗೆ ಬೆಳಿಗ್ಗೆ ಗೇಟಿನ ಹತ್ರ ಯಾರೋ ಮೂಗಲ್ಲಿ ಅಳೋ ಹಾಗೆ ಕೇಳಿಸ್ತಿತ್ತು. ಮನೆಯವರಿಗೆ ಒಂದೇ ತಲೆನೋವು." ಅವರು ತಮ್ಮನ ಕಡೆಗೆ ಗದ್ದ ಎತ್ತಿ ತೋರಿಸಿದರು. "ಇವರೇ ತೆಗೆದದ್ದು. ಕೇಳಿ ಬೇಕಾದ್ರೆ. ಅಚ್ಚುಕಟ್ಟಾದ ಕೆಲಸ. ನಾನೇ ನಾಲ್ಕು ಜನಕ್ಕೆ ಇವರ ಅಂಗಡಿ ಹೇಳಿ ಕಳಿಸಿದೆ."

ಮೊಟ್ಟೆಯಕ್ಕ ತಮ್ಮನನ್ನು ನೋಡಿದಳು. ತಮ್ಮ ಗೇಟಿನ ಚಿಲಕವನ್ನು ನೋಡುತ್ತಿದ್ದ, ರಿಪೇರಿಗೆ ಬಂದ ಚಿಲಕವೋ ಎಂಬಂತೆ.

ಅವಳು ಡಾಕ್ಟರ ಕಡೆ ತಿರುಗಿದಳು. ಬಂದ ಕೆಲಸ ಬಿಡಲಿಲ್ಲ. "ಮತ್ತೆ ಹಾಕಿಸ್ತೀರಾ ಡಾಕ್ಟ್ರೇ?"

"ನೋಡಮ್ಮ, ಅದು ನನ್ನ ಕಾರು. ನೀವು ಒಂದು ಕೆಲಸ ಮಾಡಿ, ಸೈಕಲ್ಲಿಗೆ ಒಂದು ಕನ್ನಡಿ ಹಾಕಿಸ್ಕೊಳ್ಳಿ. ಹಿಂದಿಂದೆಲ್ಲ ಚೆನ್ನಾಗಿ ಕಾಣಿಸುತ್ತೆ."

ಮೊಟ್ಟೆಯಕ್ಕ ನಕ್ಕಳು. ಅಂಥ ನಗುವನ್ನು ತಮ್ಮ ಹಿಂದೆಂದೂ ಕೇಳಿರಲಿಲ್ಲ.

ಅವಳು ನೇರ ಮನೆಗೆ ನಡೆದಳು. ಅಂಗಡಿಯೊಳಗೆ ಹೋಗಿ, ಶಟರನ್ನು ಒಂದೇ ಕೈಯಲ್ಲಿ ಅರ್ಧ ಎಳೆದು, ಟ್ರೇಗಳ ಪಕ್ಕ ನಿಂತಳು.

"ಆಸ್ಪತ್ರೆಗೆ ಓಡಿ ಬಂದೆಯಲ್ಲ, ಬಾಗಿಲಲ್ಲೇ ಆ ಡಾಕ್ಟರ ಕಾರು ನಿಂತಿತ್ತು. ಆಗ್ಲೇ ಗೊತ್ತಾಯ್ತಾ ನಿನಗೆ?"

ತಮ್ಮ ತಲೆಯಾಡಿಸಿದ.

"ಎಷ್ಟು ಕಾರಿಗೆ ಮಾಡಿದೀಯ ಹೀಗೆ?"

"ಲೆಕ್ಕ ಇಟ್ಟಿಲ್ಲಕ್ಕಾ. ಬಡಾವಣೆಯಲ್ಲಿ ಸುಮಾರು. ಮುಂದೆ ಒಂದು ಪುಟ್ಟ ಸ್ಪೀಕರ್ ಇರುತ್ತೆ, ಬಾನೆಟ್ ತೆಗೆದು ವೈರು ಬಿಡಿಸಿದ್ರೆ ಮುಗೀತು. ನಾನು ಮಾಡ್ದೇ ಇದ್ರೆ ಪಕ್ಕದ ಬೀದಿಯವನು ಮಾಡ್ತಾನೆ. ಗಿರಾಕಿ ಕೇಳಿದ್ದನ್ನ ಇಲ್ಲ ಅನ್ನೋಕಾಗುತ್ತಾ?"

"ಆ ರಸ್ತೆಯಲ್ಲಿ ದಿನಾ ಯಾರು ಹೋಗ್ತಾರೆ ಅಂತ ಗೊತ್ತಿರ್ಲಿಲ್ವಾ?"

"ಹೊಳೀಲಿಲ್ಲ. ದೇವರಾಣೆ ಹೊಳೀಲಿಲ್ಲ."

"ಸರಿ, ಹೊಳೀಲಿಲ್ಲ. ಒಪ್ಕೊಂಡೆ. ಅದು ತಪ್ಪು, ಮನುಷ್ಯರು ಮಾಡ್ತಾರೆ." ಅವಳ ದನಿ ಏರಲಿಲ್ಲ. ಏರಿದ್ದರೆ ತಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. "ಆದ್ರೆ ಎಲ್ಲ ಗೊತ್ತಿದ್ದೂ ನನ್ನ ಕಿವಿ ತೋರಿಸೋಕೆ ಕರ್ಕೊಂಡು ಹೋದೆಯಲ್ಲೋ. ನನಗೆ ನನ್ನ ಕಿವಿಯ ಮೇಲೇ ಅನುಮಾನ ಹುಟ್ಟಿಸಿದೆಯಲ್ಲೋ. ಆ ಡಬ್ಬದೊಳಗೆ ಕೂತು ದೇವರ ಹತ್ರ ಏನು ಬೇಡ್ಕೊಂಡೆ ಗೊತ್ತಾ? ಕೈ ಬೇಕಾದ್ರೆ ತಗೋ, ಕಿವಿ ಬಿಡು ಅಂತ. ನೀನೂ ಆಚೆ ಕೂತು ಕೈ ಮುಗೀತಿದ್ದೆ. ನೋಡಿದೆ ನಾನು. ಏನು ಬೇಡ್ಕೊಂಡೆ ನೀನು?"

ತಮ್ಮ ಒಂದು ಹೆಜ್ಜೆ ಹಿಂದೆ ಸರಿದ.

"ಹೇಳು."

ಗೋಡೆಗೆ ಒರಗಿ, ಹಾಗೇ ಜಾರಿ, ನೆಲದ ಮೇಲೆ ಕೂತ. ಬಾಯಿಬಿಟ್ಟು ಹೇಳುವ ಅಗತ್ಯ ಉಳಿದಿರಲಿಲ್ಲ. ಅಕ್ಕನ ಕಿವಿ ಕೆಟ್ಟಿರಲಿ ಎಂದು ಬೇಡಿದ್ದ. ಗಾಜಿನ ಈಚೆಗೊಂದು ಪ್ರಾರ್ಥನೆ, ಆಚೆಗೊಂದು. ಎರಡೂ ಒಬ್ಬನೇ ದೇವರ ಹತ್ತಿರ ಹೋಗಿದ್ದವು, ಒಂದೇ ಹೊತ್ತಿನಲ್ಲಿ. ಅವನು ಅವಳದನ್ನೇ ಕೇಳಿಸಿಕೊಂಡದ್ದಕ್ಕೆ ಕೃತಜ್ಞಳಾಗಿರಬೇಕಿತ್ತು. ಅಂದು ಮಾತ್ರ ಮೊಟ್ಟೆಯಕ್ಕನಿಗೆ ದೇವರ ಮುಂದೆ ನಿಲ್ಲಲೂ ಆಗಲಿಲ್ಲ. ನಿಂತರೆ ಬಾಯಲ್ಲಿ ಶಾಪವೇ ಬಂದೀತೆಂದು ಹೆದರಿ, ದೀಪ ಹಚ್ಚುವ ಕೆಲಸವನ್ನು ತಮ್ಮನ ಹೆಂಡತಿಗೆ ಬಿಟ್ಟು ಮಲಗಿದಳು.

ಆಮೇಲೆ ಆ ಮನೆಯಲ್ಲಿ ಮಾತು ತಮ್ಮನ ಹೆಂಡತಿಯ ಮೂಲಕವೇ ಓಡಾಡಿತು. ಅವಳು ಬುಟ್ಟಿಯಲ್ಲಿ ಮೊಟ್ಟೆ ಇಟ್ಟುಕೊಂಡು ಹತ್ತಿರದ ಮನೆಗಳಿಗೆ ನಡೆದೇ ಕೊಟ್ಟು ಬರುತ್ತಿದ್ದಳು. ಬಂದು ಸುದ್ದಿ ಹೇಳುತ್ತಿದ್ದಳು.

"ಅಕ್ಕಾ, ಅವರು ಸರಿಯಾಗಿ ಊಟ ಮಾಡ್ತಿಲ್ಲ."

"ಹಸಿವಾದ್ರೆ ಮಾಡ್ತಾನೆ."

"ಅಕ್ಕಾ, ಅವರು ಕಾರಿನವರ ಮನೆಗೆಲ್ಲ ಹೋಗ್ತಿದಾರೆ. ವೈರು ಮತ್ತೆ ಹಾಕ್ಕೊಡ್ತೀನಿ, ಬಿಟ್ಟಿ ಮಾಡ್ಕೊಡ್ತೀನಿ ಅಂತ. ಬಿಟ್ಟಿ ಅಂದದ್ದೇ ತಪ್ಪಾಯ್ತು ನೋಡಿ. ಇವನು ಇನ್ನೇನೋ ಕೆಡಿಸೋಕೆ ಬಂದಿದಾನೆ ಅಂತ ಒಬ್ಬರು ಗೇಟೇ ತೆಗೀಲಿಲ್ಲವಂತೆ. ಕೆಲವರು ಪಾಪ ಒಪ್ಕೊಂಡ್ರಂತೆ. ಡಾಕ್ಟರು ಮಾತ್ರ ಫೋನೇ ಎತ್ತಲ್ವಂತೆ."

"ಸರಿ."

"ಅಷ್ಟೇನಾ ಅಕ್ಕಾ? ಸರಿ ಅಂದ್ರೆ ಏನಂತ ಹೋಗಿ ಹೇಳ್ಲಿ?"

"ಸರಿ ಅಂತ ಹೇಳು."

ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ಕೋಳಿಯ ಕಾಲಿನಂತೆ ಸೊರಗಿತ್ತು. ಇನ್ನೂ ಕೆಲವು ದಿನ ಇರಲಿ ಎಂದು ಎಲ್ಲರೂ ಹೇಳಿದರು. ಅವಳು ಕೇಳಲಿಲ್ಲ. ಬೆಳಿಗ್ಗೆ ಎದ್ದು ತಾನೇ ಟ್ರೇ ಪೇರಿಸಿ, ಟ್ಯೂಬಿನ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಗಿದಳು. ಸೈಕಲ್ಲು ಹೊರಟಿತು. ಹೊರಡುತ್ತಿದ್ದಂತೆ ಹಿಂದೆ ತಮ್ಮನ ಹಳೇ ಸ್ಕೂಟರ್ ಕೆಮ್ಮುತ್ತ ಶುರುವಾಯಿತು. ಆ ಸ್ಕೂಟರಿನ ಸದ್ದಿಗೆ ಸತ್ತವರೂ ಎದ್ದು ಕೂರಬೇಕು.

ಬೀದಿಯ ತಿರುವು ದಾಟಿದರೂ ಸದ್ದು ಬಿಡಲಿಲ್ಲ. ಅವಳು ತಲೆ ತಿರುಗಿಸದೆ ಕೂಗಿದಳು. ಅಷ್ಟು ದಿನಗಳಲ್ಲಿ ಅವನೊಂದಿಗೆ ಆಡಿದ ಮೊದಲ ಮಾತು ಅದು.

"ಯಾಕೋ ಹಿಂದೆ ಬರ್ತಿದೀಯ?"

"ಕಾರು ಬಂದ್ರೆ ಹೇಳೋಕೆ."

"ಜೀವನ ಪೂರ್ತಿ ಬರ್ತೀಯಾ?"

"ಬರ್ತೀನಿ."

"ಅಂಗಡಿ ಯಾರು ತೆಗೀತಾರೆ, ನಿಮ್ಮಪ್ಪನಾ?"

"ನಮ್ಮಪ್ಪ ನಿಂಗೂ ಅಪ್ಪನೇ."

ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಇವನು ಹಿಂದೆ ಬರುವುದೂ ಒಂದೇ, ಕನ್ನಡಿ ಹಾಕುವುದೂ ಒಂದೇ ಎನ್ನಿಸಿತು. ಎಲ್ಲ ಅವಳ ಬೆನ್ನಿಗೇ ಕಟ್ಟುವುದು. ತಪ್ಪು ಮಾಡಿದ ಕಾರು ತನ್ನ ಪಾಡಿಗೆ ತಾನು ಓಡಾಡಿಕೊಂಡಿದೆ.

ಬಡಾವಣೆಯ ರಸ್ತೆಗೆ ಬಂದಾಗ ತಮ್ಮ ಕೂಗಿದ. "ಅಕ್ಕಾ, ಕಾರು! ಡಾಕ್ಟರದ್ದು! ನಡುವಿಗೆ ಹೋಗಬೇಡ!"

ಮೊಟ್ಟೆಯಕ್ಕ ಗೋಡೆಯ ಪಕ್ಕಕ್ಕೆ ಸರಿದು, ಕಾಲೂರಿ, ಸೈಕಲ್ಲನ್ನು ಜೋಪಾನವಾಗಿ ಗೋಡೆಗೆ ಒರಗಿಸಿದಳು. ಆಮೇಲೆ ಇಡೀ ಮೈಯನ್ನು ತಿರುಗಿಸಿ ನಿಂತಳು. ನಿಜವೇ, ಕಾರು ಬರುತ್ತಿತ್ತು. ಎಷ್ಟು ಹತ್ತಿರ ಬಂದರೂ ಅದರಿಂದ ಒಂದು ಸದ್ದಿಲ್ಲ. ಕನಸಿನಲ್ಲಿ ಬರುವ ಹಾಗೆ ಬರುತ್ತಿತ್ತು.

"ನನ್ನನ್ನ ಯಾಕೋ ಕೂಗ್ತೀಯ?" ಎಂದಳು ತಮ್ಮನಿಗೆ. "ಅವನನ್ನ ಕೂಗು."

ತಮ್ಮ ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ಸ್ಕೂಟರನ್ನು ರಸ್ತೆಗೆ ಅಡ್ಡ ತಿರುಗಿಸಿ, ಸ್ಟ್ಯಾಂಡ್ ಹಾಕಿ, ಕೀ ತೆಗೆದು ಜೇಬಿಗೆ ಹಾಕಿಕೊಂಡ. ಕಾರು ನಿಂತಿತು. ಹಾರ್ನ್ ಹೊಡೆಯಿತು. ಮತ್ತೆ ಹೊಡೆಯಿತು. ಕಿಟಕಿ ಇಳಿಯಿತು.

"ಏನಯ್ಯ ಇದು? ದಾರಿ ಬಿಡು, ಮನೆ ಸೇರ್ಬೇಕು, ದವಾಖಾನೆಗೆ ಜನ ಬಂದು ಕೂತಿರ್ತಾರೆ!"

"ಬಾನೆಟ್ ಲಿವರ್ ಎಳೀರಿ ಸಾರ್. ಒಂದು ನಿಮಿಷದ ಕೆಲಸ."

"ಆವತ್ತೇ ಹೇಳಿದೀನಿ, ಬೇಡ ಅಂತ. ನನ್ನ ಕಾರು—"

"ಕಾರು ನಿಮ್ದು ಡಾಕ್ಟ್ರೇ," ಎಂದಳು ಮೊಟ್ಟೆಯಕ್ಕ, ಕಿಟಕಿಯ ಹತ್ತಿರ ಬಂದು. "ರಸ್ತೆ ನಿಮ್ದಲ್ಲ. ನನ್ನ ಕಿವಿ ಸರಿಯಿದೆ ಅಂತ ಪರೀಕ್ಷೆ ಮಾಡಿಸಿದೀನಿ. ಇನ್ನು ನಿಮ್ಮ ಕಾರು ಬಾಯಿ ಬಿಡೋ ತನಕ ನಾನೂ ಹೋಗಲ್ಲ, ನೀವೂ ಹೋಗಲ್ಲ. ಮೊಟ್ಟೆಗೇನು, ನೆರಳಲ್ಲಿದೆ, ಕೆಡಲ್ಲ."

ಹಿಂದೆ ಇನ್ನೊಂದು ಗಾಡಿ ಬಂದು ನಿಂತಿತು. ತರಕಾರಿಯವನು ಗಾಡಿಯಿಂದ ಇಳಿದು, ವಿಷಯ ಏನೆಂದು ಕೇಳಿ ತಿಳಿದು, "ಹಾಕಿಸ್ಕೊಂಡ್ಬಿಡಿ ಸಾರ್, ಹಲ್ಲು ಕಿತ್ತ ಹಾಗೇನೂ ನೋಯಲ್ಲ" ಎಂದ. ಡಾಕ್ಟರ ಮುಖ ಕೆಂಪಾಯಿತು. ಅವರಿಗೆ ಮನಸ್ಸು ಕರಗಲಿಲ್ಲ, ತಪ್ಪಾಯಿತು ಎಂದೂ ಅನ್ನಿಸಲಿಲ್ಲ. ಗಡಿಯಾರ ನೋಡಿಕೊಂಡರು, ಬೈದುಕೊಂಡರು, ಲಿವರ್ ಎಳೆದರು. ಟಕ್ ಎಂದು ಬಾನೆಟ್ ಸಡಿಲವಾಯಿತು.

ತಮ್ಮ ಮೊಣಕೈವರೆಗೆ ಕೈ ತೂರಿಸಿ, ಕೆನ್ನೆಯನ್ನು ಲೋಹಕ್ಕೆ ಒತ್ತಿಕೊಂಡು ತಡಕಾಡಿದ. ವೈರಿಗೆ ಸುತ್ತಿದ್ದ ತನ್ನದೇ ಟೇಪನ್ನು ಉಗುರಿನಲ್ಲಿ ಕಿತ್ತು, ತುದಿಯನ್ನು ಸ್ಪೀಕರಿಗೆ ಮತ್ತೆ ಸಿಕ್ಕಿಸಿದ. ಕೈ ಈಚೆ ತೆಗೆದಾಗ ಮುಂಗೈ ತರಚಿ ರಕ್ತ ಬರುತ್ತಿತ್ತು. ಮೊಟ್ಟೆಯಕ್ಕ ಅದನ್ನು ಕಂಡಳು. ಸೆರಗಿನಿಂದ ಒರೆಸಲು ಕೈ ಮುಂದಾಯಿತು, ಹಿಂದಕ್ಕೆಳೆದುಕೊಂಡಳು.

ಸ್ಕೂಟರ್ ಸರಿಯಿತು. ಕಾರು ಗುಂಯ್ ಎನ್ನುತ್ತ ಹೊರಟು, ಅವಳನ್ನು ದಾಟಿ, ತಿರುವಿನಲ್ಲಿ ಮರೆಯಾಯಿತು. ಮರೆಯಾದ ಮೇಲೂ ಸ್ವಲ್ಪ ಹೊತ್ತು ಕೇಳಿಸುತ್ತಿತ್ತು. ಅವಳು ಕೊನೆಯವರೆಗೆ ಕೇಳಿದಳು. ಸಿಟ್ಟು ಇಳಿಯುತ್ತದೇನೋ ಎಂದು ಕಾದಳು, ಅದೇನೂ ಇಳಿಯಲಿಲ್ಲ. ಇಳಿಯದಿದ್ದರೂ ಪರವಾಗಿಲ್ಲ ಎನ್ನಿಸಿತು.

ಸೈಕಲ್ಲನ್ನು ಗೋಡೆಯಿಂದ ಎತ್ತಿ, ಪೆಡಲಿನ ಮೇಲೆ ಕಾಲಿಟ್ಟಳು. ಮುಖವನ್ನು ರಸ್ತೆಯ ಕಡೆಗೇ ಇಟ್ಟುಕೊಂಡು ಕೇಳಿದಳು.

"ಇನ್ನೂ ಯಾರ ಯಾರ ಮನೆಯದು ಬಾಕಿ ಇದೆ?"

"ನೀರಿನ ಟ್ಯಾಂಕ್ ಹತ್ರದವರದ್ದು. ಆಮೇಲೆ ಆ ಗೇಟು ತೆಗೀದೇ ಇದ್ದವರದ್ದು."

"ಗೇಟು ತೆಗೀದೇ ಇದ್ದವರು ವಾರಕ್ಕೆ ಮೂರು ಸಲ ನನ್ನ ಹತ್ರಾನೇ ಮೊಟ್ಟೆ ತಗೊಳ್ಳೋದು," ಎಂದಳು ಮೊಟ್ಟೆಯಕ್ಕ. "ಮೊದಲು ಅಲ್ಲಿಗೇ ನಡಿ."